ಅಮೀನಿದಿವಿ ದ್ವೀಪಗಳು

ನೀರಿನಲ್ಲಿ ಮುಳುಗಿ ಹವಳದ ದಿಬ್ಬಗಳನ್ನು ನೋಡಲೆಂದು ಕಡಮತ್ ದ್ವೀಪಕ್ಕೆ ತೆರಳುವ ಪ್ರವಾಸಿಗರಲ್ಲಿ, ಅದು ಹಿಂದೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತೆಂಬುದನ್ನು ಬಲ್ಲವರು ವಿರಳ. ಅಮೀನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ಎಂಬ ಈ ದ್ವೀಪಗಳು ಟಿಪ್ಪುಸುಲ್ತಾನನ ಅಧೀನದಲ್ಲಿದ್ದು, 1799ರಲ್ಲಿ ಅವನ ಪತನಾನಂತರ ಆಂಗ್ಲರ ಕೈಸೇರಿ, 1956ರ ವರೆಗೂ ಈ ಜಿಲ್ಲೆಯ ಆಡಳಿತಕ್ಕೊಳಪಟ್ಟಿದ್ದುವು. ದ್ವೀಪವಾಸಿಗಳು ತೆಂಗಿನ ನಾರಿನಿಂದ ಹೊಸೆದ ಹುರಿಯನ್ನು ಓಡಗಳಲ್ಲಿ ಮಂಗಳೂರಿಗೆ ತಂದು ಸರಕಾರಕ್ಕೇ ಒಪ್ಪಿಸಬೇಕಾಗಿದ್ದಿತು; ಪ್ರತಿಯಾಗಿ ಅಕ್ಕಿ ದೊರೆಯುತ್ತಿದ್ದಿತು. ಬೆಲೆ ಕಟ್ಟುವವನೂ ಕೊಳ್ಳುವವನೂ ಒಬ್ಬನೇ ಆದಲ್ಲಿ ಮಾರುವವನ ಪಾಡೇನೆಂಬುದನ್ನು ವಾಚಕರೇ ಊಹಿಸಬಹುದು.

ಆ ನೆಲವಾದರೋ ಹವಳದ ಜೀವಿಗಳು ಕಟ್ಟಿದುದು. 1998ರಲ್ಲಿ ಕಡಲು ಕಾದು ಹವಳಗಳು ಬಿಳಿಚಿ ಬಹುವಾಗಿ ಅಳಿದುವು. ದ್ವೀಪಪ್ರವೇಶಕ್ಕೆ ಇಂದಿಗೂ ಅನುಮತಿಪತ್ರ ಬೇಕೆಂಬ ನಿಯಮವು ಯುಕ್ತವೇ ಸರಿ. ಅಂದು ಅಕ್ಕಿಗಾಗಿ ಅವರು ನಮ್ಮಲ್ಲಿಗೆ ಬರುತ್ತಿದ್ದರು. ಇಂದು ನಾವು ಅವರಲ್ಲಿಗೆ ಹೋಗುವ ಅತಿಥಿಗಳು. ಅತಿಥಿಯಾದವನು ಆತಿಥೇಯನ ಮನೆಯ ತಳಹದಿಯನ್ನು ತುಳಿದು ಮುರಿಯಬಾರದು.