ಲಾ ಮೇರ್ ಬ್ರಾಜಿಯೇ
12, ರೂ ರೊಯಾಲ್, ಲಿಯಾನ್, ಫ್ರಾನ್ಸ್

ಯೂಜಿನಿ ಬ್ರಾಜಿಯೇ (1895–1977) ಬಡ ರೈತರ ಮಗಳು. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು ಕಂಡವರ ಹೊಲಮನೆಗಳಲ್ಲಿ ದುಡಿದರು. ಮದುವೆಯಿಲ್ಲದೆ ತಾಯಿಯಾದ ಮೇಲೆ ಲಿಯಾನ್ ಸೇರಿ, ಮನೆಗೆಲಸಕ್ಕೆ ನಿಂತು, ಅಡುಗೆಗೆ ಕೈಹಾಕಿದರು. 1921ರಲ್ಲಿ ಇಲ್ಲಿ ಸ್ವಂತ ರೆಸ್ಟೋರೆಂಟ್ ತೆರೆದರು.

ಊಟದ ಪಟ್ಟಿಯಲ್ಲಿ ಕಡಿಮೆ ಬಗೆ, ಸಾಮಗ್ರಿ ಮಾತ್ರ ಅತ್ಯುತ್ತಮ: ಅದೇ ಅವರ ಪಟ್ಟು. ಹೆಸರು ತಂದದ್ದು ಬ್ರೆಸ್ ಸೀಮೆಯ ಕೋಳಿ. ಅದರ ಚರ್ಮದಡಿ ಕಪ್ಪು ಟ್ರಫಲ್‌ ಅಣಬೆಯ ತೆಳು ಬಿಲ್ಲೆಗಳನ್ನು ತೂರಿಸಿ, ತರಕಾರಿಗಳೊಂದಿಗೆ ಸಣ್ಣ ಉರಿಯಲ್ಲಿ ಬೇಯಿಸುತ್ತಿದ್ದರು. ಬೆಂದ ಕೋಳಿಯ ಬಿಳಿ ಚರ್ಮದೊಳಗಿಂದ ಕಪ್ಪು ಬಿಲ್ಲೆಗಳು ಮಸುಕಾಗಿ ಕಾಣುತ್ತಿದ್ದವು.

1933ರಲ್ಲಿ ಈ ರೆಸ್ಟೋರೆಂಟಿಗೂ ಲಿಯಾನ್ ಹೊರವಲಯದ ಕೋಲ್ ದ ಲಾ ಲುಯೇರ್ ಬೆಟ್ಟದಲ್ಲಿ ಅವರು ನಡೆಸುತ್ತಿದ್ದ ಇನ್ನೊಂದಕ್ಕೂ ರೆಸ್ಟೋರೆಂಟುಗಳಿಗೆ ದರ್ಜೆ ನೀಡುವ ಮಿಶೆಲಿನ್ ಗೈಡ್ ತಲಾ 3 ನಕ್ಷತ್ರ, ಅಂದರೆ ತನ್ನ ಅತ್ಯುನ್ನತ ದರ್ಜೆ, ಕೊಟ್ಟಿತು. ಒಟ್ಟಿಗೆ 6 ನಕ್ಷತ್ರ ಪಡೆದ ಮೊದಲಿಗರು ಅವರೇ. 1998ರಲ್ಲಿ ಬಾಣಸಿಗ ಅಲಾಂ ದ್ಯುಕಾಸ್ 6 ನಕ್ಷತ್ರ ಪಡೆದಾಗ ಪತ್ರಿಕೆಗಳು ದ್ಯುಕಾಸ್ ಅವರನ್ನೇ ಮೊದಲಿಗರೆಂದು ಹೊಗಳಿದವು. ಆ ಮನ್ನಣೆ 65 ವರ್ಷ ಹಿಂದೆಯೇ ಈ ಹೆಣ್ಣುಮಗಳಿಗೆ ಸಂದಿತ್ತು.

ಮುಂದೆ ಬಾಣಸಿಗರಾಗಿ ಜಗತ್ಪ್ರಸಿದ್ಧರಾದ ಪಾಲ್ ಬೋಕ್ಯೂಸ್ ಎರಡನೇ ಮಹಾಯುದ್ಧದ ನಂತರ ಬೆಟ್ಟದ ಆ ರೆಸ್ಟೋರೆಂಟಿನಲ್ಲಿ ಬ್ರಾಜಿಯೇ ಅವರ ಕೈಕೆಳಗೆ ಪಳಗಿದರು. ಹಸುವಿನ ಹಾಲು ಕರೆಯುವುದು, ಬಟ್ಟೆ ಒಗೆದು ಇಸ್ತ್ರಿ ಮಾಡುವುದೂ ಅಲ್ಲಿನ ಕಲಿಕೆಯ ಭಾಗವಾಗಿತ್ತು. ರೂ ರೊಯಾಲ್‌ನ ಈ ರೆಸ್ಟೋರೆಂಟನ್ನು 2008ರಲ್ಲಿ ಬಾಣಸಿಗ ಮಾಥ್ಯೂ ವಿಯಾನೇ ವಹಿಸಿಕೊಂಡರು.