ನೊಗ, ಮೂಕಿ, ಕೊಂಡಿ

ಕೈಕೇಯಿಯನ್ನು ಬೈದಷ್ಟು ನಮ್ಮ ಹೆಂಗಸರು ಬೇರೆ ಯಾರನ್ನೂ ಬೈದಿರಲಾರರು. ಆದರೆ ಅವಳಿಗೆ ಆ ಎರಡು ವರಗಳು ಸಿಕ್ಕಿದ್ದು ಯಾಕೆ ಎಂದು ಕೇಳಿದರೆ, ಹರಿಕಥೆ ಕೇಳಿ ಬೆಳೆದವರೆಲ್ಲ ಒಂದೇ ಮಾತು ಹೇಳುತ್ತಾರೆ. ಯುದ್ಧದ ನಡುವೆ ದಶರಥನ ರಥದ ಕಡಾಣಿ ಕಳಚಿಬಿತ್ತು; ಜೊತೆಯಲ್ಲಿದ್ದ ಕೈಕೇಯಿ ತನ್ನ ಬೆರಳನ್ನೇ ಕಡಾಣಿ ಮಾಡಿ ಚಕ್ರ ಉರುಳಿಹೋಗದಂತೆ ಹಿಡಿದಳು. ವಾಲ್ಮೀಕಿಯಲ್ಲಿ ಈ ಬೆರಳಿನ ಮಾತಿಲ್ಲ. ಅಲ್ಲಿ ಅವಳು ಪ್ರಜ್ಞೆ ತಪ್ಪಿದ ಗಂಡನನ್ನು ರಣರಂಗದಿಂದ ಆಚೆಗೆ ಸಾಗಿಸಿ ಬದುಕಿಸುತ್ತಾಳೆ. ಬೆರಳು ಬಂದದ್ದು ಆಮೇಲಿನ ಕಥೆಗಳಲ್ಲಿ. ಸೇರಿಸಿದವರು ಯಾರೇ ಇರಲಿ, ಗಾಡಿಯ ಮರ್ಮ ಬಲ್ಲವರೇ ಇರಬೇಕು. ಎಂಥ ಗಟ್ಟಿಮರದ ಗಾಡಿಯಾದರೂ ಕೊನೆಗೆ ಅದು ನಿಲ್ಲುವುದು ಬೆರಳುದ್ದದ ಒಂದು ಕೀಲಿನ ಮೇಲೆ ಎಂಬುದು ಅವರಿಗೆ ಗೊತ್ತಿತ್ತು.

ಈಗ ರಥ ದೇವಸ್ಥಾನದಲ್ಲಿ ಮಾತ್ರ. ಎತ್ತಿನ ಗಾಡಿಯೂ ಅಪರೂಪ. ಹುಣಸೂರು ತಾಲ್ಲೂಕಿನ ಗುರುಪುರದ ರಸ್ತೆಯಲ್ಲಿ ಹೊಗೆಸೊಪ್ಪಿನ ಕಾಲದಲ್ಲಿ ಬೆಳಿಗ್ಗೆ ನಿಂತು ನೋಡಿದರೆ, ಟ್ರ್ಯಾಕ್ಟರಿನ ಹಿಂದಿನ ಟ್ರೈಲರುಗಳಲ್ಲಿ ಊಟದ ಡಬ್ಬಿ ಹಿಡಿದು, ತಲೆಗೆ ವಸ್ತ್ರ ಸುತ್ತಿಕೊಂಡ ಹೆಂಗಸರು ಸಾಲಾಗಿ ಹೋಗುತ್ತಾರೆ. ನಾಟಿಗೆ, ಸೊಪ್ಪು ಮುರಿಯುವುದಕ್ಕೆ, ಕಟ್ಟುವುದಕ್ಕೆ. ತಾವು ಕೂತಿರುವ ಟ್ರೈಲರನ್ನು ಮುಂದಿನ ಟ್ರ್ಯಾಕ್ಟರಿಗೆ ಯಾವುದು ಹಿಡಿದಿದೆ ಎಂದು ಅವರಲ್ಲಿ ಎಷ್ಟು ಜನ ನೋಡಿದ್ದಾರು? ಎಳೆಯುವುದನ್ನೂ ಎಳೆಸಿಕೊಳ್ಳುವುದನ್ನೂ ಸೇರಿಸುವ ಆ ಗೇಣುದ್ದದ ಜಾಗದ ಚರಿತ್ರೆಯನ್ನು ಬರೆಯಬೇಕೆಂದು ನನಗೆ ಅನ್ನಿಸಿದ್ದು ಅದಕ್ಕೇ.

ಬರೆಯಲು ನಮ್ಮ ತಾಲ್ಲೂಕಿಗಿಂತ ಒಳ್ಳೆಯ ಜಾಗವಿಲ್ಲ. ಹುಣಸೂರು ಹಿಂದೆ ಹೆಸರಾಗಿದ್ದೇ ಎಳೆಯುವ ಕೆಲಸಕ್ಕೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು, ಬೆಣ್ಣೆ ಒದಗಿಸಲು ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಇತ್ತು. ಅದರ ಹಸುಗಳು ಹೆತ್ತ ಗಂಡುಕರುಗಳು ಮುಂದೆ ಸೈನ್ಯದ ಎತ್ತುಗಳಾದವು. ಹೈದರಾಲಿ ಅವುಗಳಿಂದ ತನ್ನ ಫಿರಂಗಿಗಳನ್ನು ಎಳೆಸಿದ. ಟಿಪ್ಪು ಆ ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರಿಗೆ ಈ ಎತ್ತುಗಳ ಬೆಲೆ ತಿಳಿಯಿತು. 1803ರ ಮರಾಠಾ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ನಡೆದದ್ದು ಮೈಸೂರಿನ ಎತ್ತುಗಳ ಹೆಗಲ ಮೇಲೆ. 1813ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಕ್ಯಾಪ್ಟನ್ ಹಾರ್ವೆ ಈ ಹಿಂಡುಗಳ ಉಸ್ತುವಾರಿಗೆ ಬಂದ. ಹುಣಸೂರು ಬಹಳ ಕಾಲ ಅಮೃತ ಮಹಲಿನ ಮುಖ್ಯ ಠಾಣೆಯಾಗಿತ್ತು.

ಠಾಣೆಯ ಜೊತೆಗೆ ಸೈನ್ಯಕ್ಕಾಗಿ ಇಲ್ಲಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಕೊಠಾರ ಎಲ್ಲವೂ ನಡೆದವು. ಖರ್ಚು ಉಳಿಸಬೇಕೆಂದು 1860ರಲ್ಲಿ ಮದರಾಸು ಸರ್ಕಾರ ಅಮೃತ ಮಹಲಿನ ಹಿಂಡುಗಳನ್ನು ಮಾರಿತು. ಅಂಥ ಎತ್ತು ಬೇರೆಲ್ಲೂ ಸಿಗುವುದಿಲ್ಲವೆಂದು ತಿಳಿದು 1866ರಲ್ಲಿ ಮತ್ತೆ ಕಟ್ಟತೊಡಗಿತು. 1882ರಲ್ಲಿ ಮೈಸೂರು ಸರ್ಕಾರಕ್ಕೆ ವಹಿಸಿತು. ಕಾರ್ಖಾನೆಗಳು 1864ರಲ್ಲಿ ಮುಚ್ಚಿದವು. ಆದರೆ ಸರ್ಕಾರ ಬಾಗಿಲು ಹಾಕಿದರೆ ಕೈಯಲ್ಲಿದ್ದ ಕೆಲಸ ಎಲ್ಲಿ ಹೋಗುತ್ತದೆ? ಹುಣಸೂರಿನ ಬೂಟು, ಕಂಬಳಿ, ಗಾಡಿ ಮುಂದೆಯೂ ಹೆಸರು ಉಳಿಸಿಕೊಂಡವು ಎಂಬುದಕ್ಕೆ ಹಳೆಯ ಗೆಜೆಟಿಯರುಗಳೇ ಸಾಕ್ಷಿ. ಕೊಡಗಿಗೆ ಹೋಗುವ ದಾರಿ, ಪಕ್ಕದಲ್ಲೇ ಕಾಡು, ಕಾಡಿನಲ್ಲಿ ತೇಗ, ಮತ್ತಿ, ಹೊನ್ನೆ. ಇನ್ನು ಗಾಡಿ ಆಗದೆ ಏನಾದೀತು?

ಅಂಥ ಒಂದು ಕಮಾನು ಗಾಡಿ ನಮ್ಮ ಅಜ್ಜಿಯ ಮನೆಯಲ್ಲಿತ್ತು. ಬಿದಿರಿನ ಕಮಾನು, ಮೇಲೆ ಚಾಪೆ, ಒಳಗೆ ಹುಲ್ಲು ಹಾಸಿ ಅದರ ಮೇಲೆ ಜಮಖಾನ. ಜನವರಿಯಲ್ಲಿ ಚುಂಚನಕಟ್ಟೆಯ ದನಗಳ ಜಾತ್ರೆ, ಶಿವರಾತ್ರಿಯ ಹೊತ್ತಿಗೆ ಕಪ್ಪಡಿ ಜಾತ್ರೆ. ಬುತ್ತಿ, ಬಿಂದಿಗೆ, ಮಕ್ಕಳು, ಬಾಣಂತಿ ಎಲ್ಲರೂ ಅದರಲ್ಲೇ. ಮಲಗಲು, ಉಣ್ಣಲು, ಮಳೆ ಬಂದರೆ ಮುದುಡಿಕೊಳ್ಳಲು ಎಲ್ಲಕ್ಕೂ ಒದಗುವ ಮನೆ ಅದು. ಗಾಡಿಗೆ ಕೀಲೆಣ್ಣೆ ಹಾಕುವುದು ಗಂಡಸರ ಕೆಲಸವಾದರೂ, ಅದಕ್ಕೆ ಬೇಕಾದ ಹರಳೆಣ್ಣೆ ಒಳಮನೆಯಿಂದಲೇ ಬರಬೇಕು. ಸುಟ್ಟ ಹುಲ್ಲಿನ ಕರಿಯನ್ನು ಎಣ್ಣೆಯಲ್ಲಿ ಕಲಸಿ ಕೊಡುವಾಗ ಅಜ್ಜಿ, “ತಲೆಗಿಲ್ಲದಿದ್ರೂ ಅಚ್ಚಿಗೆ ಬೇಕು” ಎನ್ನುತ್ತಿದ್ದರು.

ಆ ಗಾಡಿಯಲ್ಲಿ ಪ್ರಯಾಣ ಮಾಡಿದವರಿಗೆಲ್ಲ ಗೊತ್ತಿದ್ದ ಒಂದು ಶಾಸ್ತ್ರವಿತ್ತು: ಮುಂಭಾರ, ಹಿಂಭಾರ. ಗಾಡಿಯ ಮೂಕಿ ಮುಂದಕ್ಕೆ ಚಾಚಿ ನೊಗಕ್ಕೆ ಸೇರುತ್ತದೆ. ಮಿಣಿಯಿಂದ ಬಿಗಿದ ನೊಗ ಎರಡು ಎತ್ತುಗಳ ಹೆಗಲ ಮೇಲೆ ಕೂರುತ್ತದೆ. ಹೊರೆ ಅಚ್ಚಿನ ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಎತ್ತುಗಳ ಕೊರಳಿನ ಕಣ್ಣಿ ಬಿಗಿಯುತ್ತದೆ, ಗಾಡಿಯ ಹಿಂಭಾಗ ಅತ್ತಿತ್ತ ಹೊಯ್ದಾಡುತ್ತದೆ. ಮುಂದಕ್ಕೆ ಹೆಚ್ಚಾದರೆ ಎತ್ತುಗಳ ಹೆಗಲು ಹುಣ್ಣಾಗುತ್ತದೆ. ಸ್ವಲ್ಪವೇ ಸ್ವಲ್ಪ ಮುಂಭಾರ ಇರಬೇಕು. ದಿಣ್ಣೆ ಹತ್ತುವಾಗ ಗಾಡಿ ಹೊಡೆಯುವವನು ಹಿಂದಿರುಗದೆಯೇ, “ಅವ್ವಾ, ಒಸಿ ಮುಂದಕ್ಕೆ ಜರುಗ್ರವ್ವಾ” ಎನ್ನುತ್ತಿದ್ದ. ಒಳಗಿದ್ದ ಹೆಂಗಸರೆಲ್ಲ ಮಕ್ಕಳನ್ನು ಎಳೆದುಕೊಂಡು ಮುಂದೆ ಸರಿಯುತ್ತಿದ್ದರು. ಇಳಿಜಾರು ಬಂದಾಗ ತಾವಾಗಿಯೇ ಹಿಂದಕ್ಕೆ. ಗಾಡಿಯ ತೂಕವನ್ನು ಸರಿತೂಗಿಸುತ್ತಿದ್ದದ್ದು ಆ ಹೆಂಗಸರು. ಅದಕ್ಕೊಂದು ವಿದ್ಯೆ ಎಂದು ಯಾರೂ ಹೆಸರಿಡಲಿಲ್ಲ, ಅಷ್ಟೆ.

ಎತ್ತಿನ ಗಾಡಿ ಹಾವಿನಂತೆ ಹೊಯ್ದಾಡದೆ ಇರಲು ಇನ್ನೆರಡು ಕಾರಣಗಳಿದ್ದವು. ಮೂಕಿ ಉದ್ದ, ಎಳೆಯುವ ಜಾಗಕ್ಕೂ ಅಚ್ಚಿಗೂ ದೂರ ಹೆಚ್ಚಿದ್ದಷ್ಟೂ ಹಿಂದಿನದು ನೇರ ಬರುತ್ತದೆ. ಇನ್ನೊಂದು, ಎರಡು ಎತ್ತು. ಗಾಡಿ ಎಡಕ್ಕೆ ಎಳೆದರೆ ಬಲದ ಎತ್ತು, ಬಲಕ್ಕೆ ಎಳೆದರೆ ಎಡದ ಎತ್ತು ತಡೆದುಕೊಳ್ಳುತ್ತದೆ. ಇದರ ಬೆಲೆ ತೆತ್ತದ್ದು ಆ ಮೂಕಪ್ರಾಣಿಗಳೇ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಿಂದ ಎತ್ತಿನ ಗಾಡಿಯ ಸುಧಾರಣೆಗೆ ಹೋರಾಡಿದರು. ಹೆಗಲನ್ನು ಉಜ್ಜಿ ಗಾಯ ಮಾಡುವ ನೊಗ ಬದಲಾಗಬೇಕು, ಚಕ್ರ ಹಗುರಾಗಬೇಕು ಎಂದು ಅವರು ಹೇಳುತ್ತ ಬಂದರು. ರಬ್ಬರಿನ ಟೈರ್ ಗಾಡಿಗಳು ಬಂದವು. ಅಷ್ಟರಲ್ಲಿ ಟ್ರ್ಯಾಕ್ಟರೂ ಬಂತು.

ಗುರುಪುರದಲ್ಲಿ ಈ ಕಥೆಗೆ ಒಂದು ವಿಚಿತ್ರ ತಿರುವಿದೆ. 1972ರಲ್ಲಿ ಇಲ್ಲಿ ಟಿಬೆಟನ್ನರ ರಬ್‌ಗೇಲಿಂಗ್ ಪುನರ್ವಸತಿ ಆಯಿತು. ಪಕ್ಕದ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಅವರ ಜನ ಹತ್ತಕ್ಕೂ ಹೆಚ್ಚು ವರ್ಷ ಮೊದಲೇ ಬಂದಿದ್ದರು. ಅವರು ಬಿಟ್ಟುಬಂದ ನಾಡಿನಲ್ಲಿ ಹೊರೆ ಹೊರುತ್ತಿದ್ದದ್ದು ಯಾಕ್, ಹೇಸರಗತ್ತೆ, ಮನುಷ್ಯರ ಬೆನ್ನು. ಸರಕು ಸಾಗಿಸುವ ಗಾಡಿಯ ಚಕ್ರ ಅಲ್ಲಿ ಹಿಂದೆ ಬಳಕೆಯಲ್ಲಿರಲಿಲ್ಲವೆಂದೇ ಹೇಳಬೇಕು. ಕೈಯಲ್ಲಿ ತಿರುಗಿಸುವ ಪ್ರಾರ್ಥನಾಚಕ್ರವೇ ಅವರ ಚಕ್ರ. ಅಂಥವರು ಈ ಕೆಂಪು ಮಣ್ಣಿಗೆ ಬಂದು ಮುಸುಕಿನ ಜೋಳ ಬೆಳೆದು, ನಾವು ಸಾವಿರಾರು ವರ್ಷ ಸವೆಸಿದ ಗಾಡಿಯ ದಾರಿಯನ್ನು ಒಂದೇ ನೆಗೆತಕ್ಕೆ ದಾಟಿ, ಬೆನ್ನಿನ ಮೂಟೆಯಿಂದ ನೇರವಾಗಿ ಟ್ರ್ಯಾಕ್ಟರಿಗೆ ಹೋದರು.

ಟ್ರ್ಯಾಕ್ಟರಿನ ಹಿಂಭಾಗಕ್ಕೂ ಒಂದು ಚರಿತ್ರೆಯಿದೆ. 1917ರಲ್ಲಿ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಎಂಬ ಮೆಕ್ಯಾನಿಕ್‌ನಿಗೆ ಅಲ್ಲಿನ ಸರ್ಕಾರ ಟ್ರ್ಯಾಕ್ಟರುಗಳ ಕೆಲಸ ಸುಧಾರಿಸಲು ಹೇಳಿತು. ಆಗಿನ ಟ್ರ್ಯಾಕ್ಟರುಗಳು ನೇಗಿಲನ್ನು ಸುಮ್ಮನೆ ಹಿಂದೆ ಎಳೆಯುತ್ತಿದ್ದವು. ನೇಗಿಲು ಬಂಡೆಗೆ ಸಿಕ್ಕಿಕೊಂಡರೆ ಹಿಂದಿನ ಚಕ್ರ ನಿಂತು ಇಡೀ ಟ್ರ್ಯಾಕ್ಟರ್ ಕುದುರೆಯಂತೆ ಮುಂಗಾಲೆತ್ತಿ, ಹೊಡೆಯುವವನ ಮೇಲೆಯೇ ಮಗುಚಿಬೀಳುತ್ತಿತ್ತು. ಫರ್ಗ್ಯುಸನ್ ನೇಗಿಲನ್ನು ಕೆಳಗೆ ಎರಡು, ಮೇಲೆ ಒಂದು ಹೀಗೆ ಮೂರು ತೋಳುಗಳಿಂದ ಹಿಡಿದು ಈ ಮಗುಚುವುದನ್ನು ತಪ್ಪಿಸಿದ. 1939ರಲ್ಲಿ ಹೆನ್ರಿ ಫೋರ್ಡ್ ಅದನ್ನು ತನ್ನ ಟ್ರ್ಯಾಕ್ಟರಿಗೆ ಹಾಕಿದ ಮೇಲೆ ಲೋಕಕ್ಕೆಲ್ಲ ಅದೇ ಮಾದರಿಯಾಯಿತು. ನಮ್ಮ ಹೊಲಗಳ ಟ್ರ್ಯಾಕ್ಟರುಗಳ ಹಿಂದೆ ಕಾಣುವ ಮೂರು ತೋಳು ಅವನದೇ. ಆದರೆ ಅವು ಇರುವುದು ನೇಗಿಲಿಗೆ. ಟ್ರೈಲರನ್ನು ಕಟ್ಟಬೇಕಾದ್ದು ಕೆಳಗಿನ ಕೊಂಡಿಗೆ. ಆತುರಕ್ಕೆ ಮೇಲಿನ ತೋಳಿಗೆ ಕಟ್ಟಿ ಎಳೆದರೆ ಅದೇ ಹಳೆಯ ಕುದುರೆ ಮತ್ತೆ ಮುಂಗಾಲೆತ್ತುತ್ತದೆ.

ನಮ್ಮ ಕುಟುಂಬದವರು ಎರಡು ಚಕ್ರದ ಟ್ರೈಲರೊಂದನ್ನು ಮಾಡಿಸುವಾಗ ನಾನೂ ವರ್ಕ್‌ಶಾಪಿಗೆ ಹೋಗಿದ್ದೆ. ಡಾಲಾ ಎಷ್ಟು ಎತ್ತರ, ಬಣ್ಣ ಯಾವುದು, ಹಿಂದೆ ಯಾವ ದೇವರ ಹೆಸರು ಎಂಬುದಕ್ಕೆ ಅರ್ಧ ದಿನ ಚರ್ಚೆಯಾಯಿತು. ಕೊಂಡಿಯ ಮಾತು ಬಂದಾಗ ಗಂಡಸರು “ಯಾವುದಾದ್ರೂ ಹಾಕಪ್ಪ” ಎಂದರು. ಮಿಸ್ತ್ರಿ ವಯಸ್ಸಾದವರು, ಅವರ ತಂದೆ ಗಾಡಿ ಮಾಡುತ್ತಿದ್ದವರು. ನನ್ನ ಕಡೆ ತಿರುಗಿ, “ನೋಡಿ ಅಕ್ಕಾ, ಡಾಲಾ ಹೋದ್ರೆ ಸೊಪ್ಪು ಚೆಲ್ತದೆ, ಕೊಂಡಿ ಹೋದ್ರೆ ಜನ ಚೆಲ್ತಾರೆ” ಎಂದರು.

ಅವರು ತೋರಿಸಿದ್ದು ಎರಡು ಬಗೆ. ಒಂದು, ಟ್ರ್ಯಾಕ್ಟರಿನ ಎರಡು ತಟ್ಟೆಗಳ ನಡುವೆ ಟ್ರೈಲರಿನ ಬಳೆಯನ್ನು ಇಟ್ಟು ಮೇಲಿನಿಂದ ಪಿನ್ನು ಇಳಿಸುವುದು. ಅಗ್ಗ, ಸುಲಭ. ಆದರೆ ಪಿನ್ನಿನ ಕೆಳಗೆ ಕ್ಲಿಪ್ಪು ಹಾಕದಿದ್ದರೆ ಗುಂಡಿಯಲ್ಲಿ ಕುಲುಕಿದಾಗ ಮೇಲೆ ನೆಗೆಯುತ್ತದೆ. ಇನ್ನೊಂದು, ಕೊಕ್ಕೆಯಂಥ ಕೊಂಡಿ. ಬಳೆ ಕೂತ ಮೇಲೆ ಮೇಲಿನಿಂದ ನಾಲಗೆಯೊಂದು ಮುಚ್ಚಿ ಬಿಗಿಯುತ್ತದೆ. ಯಾರೋ ಕೈಯಿಂದ ಎತ್ತುವ ತನಕ ಬಿಡುವುದಿಲ್ಲ. ಬಳೆ ತನ್ನಷ್ಟಕ್ಕೆ ತಿರುಗುವಂತಿದ್ದರೆ ಇನ್ನೂ ಒಳ್ಳೆಯದು. ಟ್ರೈಲರ್ ಮಗುಚಿದರೂ ಟ್ರ್ಯಾಕ್ಟರನ್ನು ಜೊತೆಗೆ ತಿರುಚಿ ಬೀಳಿಸುವುದಿಲ್ಲ. ಬಳೆ ಸವೆದು ಸಡಿಲವಾದರೆ ಪ್ರತಿ ಎಳೆತಕ್ಕೂ ಹಿಂದೆ ಮುಂದೆ ಬಡಿಯುತ್ತದೆ, ಹೊಯ್ದಾಟ ಶುರುವಾಗುತ್ತದೆ. ಎರಡು ಬದಿಗೂ ಒಂದೊಂದು ಸರಪಳಿ ಬೇಕು; ಕೊಂಡಿ ಕೈಬಿಟ್ಟರೂ ಸರಪಳಿ ಹಿಡಿದಿರಬೇಕು. ನಾವು ನಾಲಗೆಯ ಕೊಂಡಿ, ಸರಪಳಿ ಎರಡನ್ನೂ ಹಾಕಿಸಿದೆವು.

ಅಮೆರಿಕದಂಥ ದೇಶಗಳಲ್ಲಿ ಕಾರಿನ ಹಿಂದೆ ಮಂಚ, ಒಲೆ ಎಲ್ಲ ಇರುವ ಚಕ್ರದ ಮನೆಯನ್ನೇ ಕಟ್ಟಿಕೊಂಡು ಊರೂರು ತಿರುಗುವವರಿದ್ದಾರೆ. ನಮ್ಮ ಕಮಾನು ಗಾಡಿಯ ದೊಡ್ಡ ತಂಗಿ ಎನ್ನಿ. ಅದು ಹೊಯ್ದಾಡದಿರಲೆಂದು ಅವರ ಕೊಂಡಿಗೆ ವಿಶೇಷ ಏರ್ಪಾಡುಗಳಿವೆ: ತೂಕವನ್ನು ಕಾರಿನ ಮುಂದಿನ ಚಕ್ರಗಳಿಗೂ ಹಂಚುವ ಉಕ್ಕಿನ ಸಲಾಕೆಗಳು, ಟ್ರೈಲರ್ ಪಕ್ಕಕ್ಕೆ ಎಳೆದಾಗ ಉಜ್ಜಿ ತಡೆಯುವ ತೋಳು. ಇಷ್ಟಿದ್ದರೂ ಅಲ್ಲಿನವರು ಮೊದಲು ಹೇಳುವ ನಿಯಮ, ಟ್ರೈಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಕೊಂಡಿಯ ಮೇಲೆ ಇರಬೇಕು, ಹಿಂದಕ್ಕೆ ತೂಗಿದರೆ ಯಾವ ಯಂತ್ರವೂ ಕಾಯುವುದಿಲ್ಲ ಎಂಬುದು. ನಮ್ಮ ಗಾಡಿಯವನ ಮುಂಭಾರ ಇದೇ ಅಲ್ಲವೆ? ಅವನು ಅದನ್ನು ಎತ್ತಿನ ಕಿವಿ ನೋಡಿ ಹೇಳುತ್ತಿದ್ದ. ಟ್ರ್ಯಾಕ್ಟರಿಗೆ ಕಿವಿ ಇಲ್ಲ. ಇಳಿಜಾರಿನಲ್ಲಿ ಎತ್ತು ಕಾಲೂರಿ ಗಾಡಿಯನ್ನು ತಡೆಯುತ್ತಿತ್ತು. ಬ್ರೇಕಿಲ್ಲದ ಟ್ರೈಲರ್ ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನೇ ತಳ್ಳುತ್ತದೆ, ತಿರುವಿನಲ್ಲಿ ಅಡ್ಡ ಹಾಯುತ್ತದೆ. ಒಂದರ ಹಿಂದೆ ಒಂದು ಎರಡು ಟ್ರೈಲರ್ ಕಟ್ಟಿದರಂತೂ ಮುಂದಿನದರ ತೊನೆತ ಹಿಂದಿನದಕ್ಕೆ ಹೊಯ್ದಾಟವಾಗುತ್ತದೆ. ಕಬ್ಬಿನ ಕಾಲದಲ್ಲಿ ಮಂಡ್ಯದ ಕಡೆ ಹೋದವರು ಇದನ್ನು ಕಣ್ಣಾರೆ ಕಂಡಿರುತ್ತಾರೆ.

ಕರ್ನಾಟಕದಲ್ಲಿ 1984ರಿಂದ ತಂಬಾಕು ಮಂಡಳಿಯ ಹರಾಜು ನಡೆಯುತ್ತಿದೆ. ಹರಾಜು ಕಟ್ಟೆಗೆ ಹೋಗುವ ಬೇಲುಗಳಿಗೆ ತೂಕವುಂಟು, ದರ್ಜೆಯುಂಟು, ಚೀಟಿಯುಂಟು. ಆ ಸೊಪ್ಪು ಮುರಿದ ಹೆಂಗಸು ಅದೇ ಟ್ರೈಲರಿನಲ್ಲಿ ಹೋಗಿಬಂದದ್ದಕ್ಕೆ ಯಾವ ಲೆಕ್ಕವೂ ಇಲ್ಲ. ನಮ್ಮ ಕಡೆಯ ಒಬ್ಬಳು ಮೂವತ್ತು ದಾಟದವಳು. ಅವಳು ಕೂತಿದ್ದ ಟ್ರೈಲರಿನ ಪಿನ್ನಿಗೆ ಕ್ಲಿಪ್ಪಿನ ಬದಲು ತಂತಿ ಸುತ್ತಿದ್ದರು. ತಂತಿ ಹರಿದು, ಪಿನ್ನು ಹಾರಿ, ಟ್ರೈಲರ್ ಹಳ್ಳಕ್ಕಿಳಿಯಿತು. ಜೀವ ಉಳಿಯಿತು, ಮುರಿದ ತೊಡೆ ಮೊದಲಿನಂತೆ ಕೂಡಲಿಲ್ಲ. ಬಗ್ಗಿ ಸೊಪ್ಪು ಮುರಿಯಲಾಗದವಳಿಗೆ ಕೂಲಿಯಿಲ್ಲ. ಟ್ರೈಲರ್ ಇರುವುದು ಸರಕಿಗೆ, ಜನರನ್ನು ಕೂರಿಸುವಂತಿಲ್ಲ ಎಂದು ಕಾನೂನು ಹೇಳುವುದರಿಂದ ವಿಮೆಯ ಹಣಕ್ಕೂ ತಕರಾರು ಬಂತು. ಕ್ಲಿಪ್ಪಿನ ಬೆಲೆ ಒಂದು ಮೊಳ ಹೂವಿನ ಬೆಲೆ.

ಪೇಟೆಯಲ್ಲಿರುವ ನಮಗೂ ಇದು ದೂರದ ಮಾತಲ್ಲ. ಊರಿನ ಮದುವೆಗೆ, ಹರಕೆಗೆ, ಜಾತ್ರೆಗೆ ಹೋದಾಗ ರೇಷ್ಮೆ ಸೀರೆ ಎತ್ತಿಕಟ್ಟಿ ನಾವೂ ಟ್ರೈಲರ್ ಹತ್ತುತ್ತೇವೆ. ಹತ್ತದಿರುವುದೇ ಒಳ್ಳೆಯದು, ಬಸ್ಸಿದ್ದರೆ ಬಸ್ಸೇ ಸರಿ. ಬೇರೆ ದಾರಿಯೇ ಇಲ್ಲದ ಕೂಲಿಯ ಹೆಂಗಸರು ಹತ್ತುವ ಮುಂಚೆ ಕೇಳಬಹುದಾದ ಪ್ರಶ್ನೆಗಳು ಇಷ್ಟೆ: ಪಿನ್ನಿಗೆ ಕ್ಲಿಪ್ಪು ಇದೆಯೆ? ಸರಪಳಿ ಇದೆಯೆ? ಸಾಮಾನು ಹಿಂದಕ್ಕೆ ತೂಗುತ್ತಿದೆಯೆ? ಡಾಲಾದ ಬಾಗಿಲಲ್ಲಿ ಕಾಲು ಇಳಿಬಿಟ್ಟು ಹತ್ತು ಜನ ಕೂತರೆ ಅದೂ ಹಿಂಭಾರವೇ. ಕೂಲಿಯವಳು ಕೇಳಿದರೆ ‘ನಿನಗ್ಯಾಕೆ’ ಎನ್ನುವವರಿರುತ್ತಾರೆ. ಹೊಲದ ಒಡತಿ ಕೇಳಿದರೆ ಹಾಗೆನ್ನಲಾರರು. ಹುಣಸೂರು, ಪಿರಿಯಾಪಟ್ಟಣ, ಕೋಟೆ, ಕೃಷ್ಣರಾಜನಗರದ ಪೇಟೆಗಳಲ್ಲಿ ಮನೆ ಮಾಡಿಕೊಂಡು ಹಳ್ಳಿಯಲ್ಲಿ ಹೊಲ ಇಟ್ಟುಕೊಂಡಿರುವ ನನ್ನಂಥ ಹೆಂಗಸರು ಬೇಕಾದಷ್ಟಿದ್ದೇವೆ. ಕೂಲಿ ಲೆಕ್ಕ ಕೇಳುವ ದಿನ ಕೊಂಡಿಯ ಲೆಕ್ಕವನ್ನೂ ಕೇಳೋಣ.