ರಾಗಿಯ ವ್ಯಾಜ್ಯ

ಅರ್ಥಶಾಸ್ತ್ರವೆಂದೊಡನೆ ಬ್ಯಾಂಕು, ನಾಣ್ಯ, ಸುಂಕ, ಸರ್ಕಾರದ ಆಯವ್ಯಯ ಇವು ನಮ್ಮ ಕಣ್ಣಮುಂದೆ ಬರುತ್ತವೆ. ಆ ಶಾಸ್ತ್ರವನ್ನು ಇಂಗ್ಲಿಷ್ ಗ್ರಂಥಗಳಿಂದ ಕಲಿತವರಾದ ನಾವು, ಅದು ಹಡಗಿನಲ್ಲಿ ಬಂದಿಳಿದ ಸರಕೆಂದು ಭಾವಿಸುವುದೂ ಉಂಟು. ಆದರೆ ಶಾಸ್ತ್ರಕ್ಕೆ ಹೆಸರು ಬೀಳುವುದಕ್ಕೆ ಎಷ್ಟೋ ಮೊದಲೇ ಜನರು ಕೊಳ್ಳುತ್ತಿದ್ದರು, ಕೂಡಿಡುತ್ತಿದ್ದರು, ಲಾಭನಷ್ಟಗಳನ್ನು ತೂಗಿ ನೋಡುತ್ತಿದ್ದರು. ಆ ವಿವೇಕವು ಅವರ ಕಥೆಗಳಲ್ಲಿ ಉಳಿದುಬಂದಿದೆ. ಅಂಥದೊಂದು ಕಥೆಯನ್ನು ಈ ಹೊತ್ತು ವಿಚಾರ ಮಾಡೋಣ.

ಹದಿನಾರನೆಯ ಶತಮಾನದ ಕನಕದಾಸರು ಭಾಮಿನೀ ಷಟ್ಪದಿಯಲ್ಲಿ ‘ರಾಮಧಾನ್ಯ ಚರಿತೆ’ ಎಂಬ ಚಿಕ್ಕ ಕಾವ್ಯವನ್ನು ರಚಿಸಿದರು. ಲಂಕೆಯಿಂದ ಹಿಂದಿರುಗುವ ಶ್ರೀರಾಮನಿಗೆ ಋಷಿಗಳು ಔತಣವಿಕ್ಕುತ್ತಾರೆ. ಧಾನ್ಯಗಳಲ್ಲಿ ಯಾವುದು ಶ್ರೇಷ್ಠವೆಂಬ ಪ್ರಶ್ನೆ ಏಳುತ್ತದೆ. ನರೆದಲಗವೆಂಬ ರಾಗಿಯನ್ನು ಗೌತಮಮುನಿ ಎತ್ತಿ ಹಿಡಿಯಲು, ವ್ರೀಹಿ, ಅಂದರೆ ಭತ್ತ, ಕೆರಳಿ ಜಗಳಕ್ಕೆ ನಿಲ್ಲುತ್ತದೆ. ರಾಮನು ಅವಸರದ ತೀರ್ಪನ್ನು ಕೊಡದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ವ್ರೀಹಿ ಕಳೆಗುಂದಿದೆ. ರಾಗಿ ಮಾತ್ರ ಹೋದಂತೆಯೇ ಹೊರಗೆ ಬರುತ್ತದೆ. ರಾಘವನು ಮೆಚ್ಚಿ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ.

ಕುಲದ ಹೆಮ್ಮೆಗೆ ಕನಕದಾಸರು ಕೊಟ್ಟ ಉತ್ತರವಿದೆಂದು ವಿದ್ವಾಂಸರು ಹೇಳುವುದು ಯುಕ್ತವೇ ಆಗಿದೆ. ಅದರ ಜೊತೆಗೆ ರಾಮನ ಪರೀಕ್ಷೆಯ ಕ್ರಮವನ್ನೂ ನಾವು ಗಮನಿಸಬೇಕು. ಅವನು ರುಚಿ ನೋಡಲಿಲ್ಲ, ಪೇಟೆಯ ಧಾರಣೆಯನ್ನೂ ವಿಚಾರಿಸಲಿಲ್ಲ. ಧಾನ್ಯಗಳನ್ನು ಕಾಲದ ಕೈಗೆ ಒಪ್ಪಿಸಿದನು. 1776ರಲ್ಲಿ ಆಡಂ ಸ್ಮಿತ್ತನು ತನ್ನ ಮಹಾಗ್ರಂಥದಲ್ಲಿ ನೀರನ್ನೂ ವಜ್ರವನ್ನೂ ಹೋಲಿಸಿ, ಬಳಕೆಯ ಬೆಲೆ ಬೇರೆ, ವಿನಿಮಯದ ಬೆಲೆ ಬೇರೆ ಎಂದು ತೋರಿಸಿದನು. ಹಿಂದೆ ಪೇಟೆಯಲ್ಲಿ ಅಕ್ಕಿಗೆ ಬೆಲೆ ಹೆಚ್ಚಾಗಿತ್ತು. ಆದರೆ ಸುಗ್ಗಿಯ ದಿನದ ಸೇರು ಧಾನ್ಯಕ್ಕೂ, ಮಳೆ ತಪ್ಪಿದ ವರ್ಷದ ಸೇರು ಧಾನ್ಯಕ್ಕೂ ಇರುವ ಅಂತರವನ್ನು ಬಲ್ಲ ರೈತನಿಗೆ, ಅಲ್ಲಿಯವರೆಗೆ ಕೆಡದೆ ನಿಲ್ಲುವುದೇ ಒಂದು ದೊಡ್ಡ ಗುಣ.

ರಾಗಿಯ ಕಾಳು ಬಹಳ ಸಣ್ಣದು. ಹುಳು ಅದಕ್ಕೆ ಸುಲಭವಾಗಿ ಹತ್ತದು. ಹಳೆಯ ಮೈಸೂರು ಸೀಮೆಯ ರೈತರು ಒಣಗಿದ ಗಟ್ಟಿನೆಲದಲ್ಲಿ ಹಗೇವು ತೋಡಿ ಅದನ್ನು ತುಂಬುತ್ತಿದ್ದರು. ಹಗೇವಿನ ಬಾಯಿ ಕಿರಿದು, ಹೊಟ್ಟೆ ಹಿರಿದು. ಒಳಗೆ ಹುಲ್ಲು ಹಾಸಿ, ರಾಗಿ ಸುರಿದು, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತಿದರೆ ಒಳಗಿನ ಪ್ರಾಣವಾಯು ಕ್ರಮವಾಗಿ ಕುಗ್ಗುತ್ತದೆ, ಹುಳುಗಳು ಉಳಿಯಲಾರವು. ಹಗೇವಿನ ಬಾಯಿ ತೆರೆದ ಕೂಡಲೇ ಒಳಗಿಳಿಯಬಾರದೆಂಬ ಹಿರಿಯರ ಎಚ್ಚರಿಕೆಗೂ ಇದೇ ಕಾರಣ. ಹೀಗಿಟ್ಟ ರಾಗಿ ವರ್ಷಗಟ್ಟಲೆ ನಿಲ್ಲುತ್ತಿತ್ತು.

ದಾಸ್ತಾನಿಗೆ ತಗಲುವ ವೆಚ್ಚ ಮುಖ್ಯವಾಗಿ ಮೂರು ಬಗೆ: ಇಡುವ ಸ್ಥಳದ್ದು, ಕೆಟ್ಟುಹೋಗುವ ಪದಾರ್ಥದ್ದು, ತೊಡಗಿಸಿದ ಹಣದ ಬಡ್ಡಿಯದು. ರಾಗಿಯ ವಿಷಯದಲ್ಲಿ ಮೊದಲಿನೆರಡೂ ಅತ್ಯಲ್ಪ. ಆದುದರಿಂದ ಉಗ್ರಾಣವಿಲ್ಲದ ಸಾಮಾನ್ಯ ರೈತನೂ, ವರ್ತಕನಂತೆಯೇ, ಸಮೃದ್ಧಿಯ ವರ್ಷದ ಧಾನ್ಯವನ್ನು ಅಭಾವದ ವರ್ಷಕ್ಕೆ ಸಾಗಿಸಬಲ್ಲವನಾದನು. ಹೆಚ್ಚು ಹಣ ತರುವ ಬೆಳೆಯನ್ನು ಬಿಟ್ಟು ರಾಗಿಯನ್ನು ನೆಚ್ಚಿದವನನ್ನು ಮೂಢನೆಂದು ಹಳಿಯುವವರುಂಟು. ಅವನು ಬಿಟ್ಟುಕೊಟ್ಟ ಲಾಭವು ಕ್ಷಾಮದ ಭಯಕ್ಕೆ ಕಟ್ಟಿದ ವಿಮೆಯ ಕಂತೆಂದು ತಿಳಿದರೆ ಲೆಕ್ಕ ಸರಿಹೋಗುತ್ತದೆ.

ಆದರೆ ಈ ವಿಮೆಗೂ ಒಂದು ಮಿತಿಯುಂಟೆಂಬುದನ್ನು 1876–78ರ ಧಾತು ಈಶ್ವರ ಕ್ಷಾಮವು ನಮ್ಮ ನಾಡಿಗೆ ಕ್ರೂರವಾಗಿ ಕಲಿಸಿತು. ಆಗ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. 1875ರಲ್ಲಿ ಮಳೆ ಸಾಲದಾಯಿತು, 1876ರಲ್ಲಿ ಕೈಕೊಟ್ಟಿತು. ಒಂದು ವರ್ಷವನ್ನು ತಡೆದ ಹಗೇವುಗಳು ಎರಡನೆಯ ವರ್ಷಕ್ಕೆ ಬರಿದಾದವು. ಬೆಂಗಳೂರಿಗೆ 1864ರಲ್ಲಿಯೇ ರೈಲು ಬಂದಿತ್ತು. ಮದರಾಸಿನ ಕಡೆಯಿಂದ ಧಾನ್ಯವೂ ಬಂದಿತು. ಆದರೆ ಅಲ್ಲಿಂದ ಒಳನಾಡಿಗೆ ಸಾಗಿಸಬೇಕಾದ ಎತ್ತುಗಳೇ ಮೇವುನೀರಿಲ್ಲದೆ ಸಾಯುತ್ತಿದ್ದವು. ಧಾನ್ಯವ್ಯಾಪಾರದಲ್ಲಿ ಕೈಹಾಕಬಾರದೆಂಬುದು ಅಂದಿನ ಭಾರತ ಸರ್ಕಾರದ ಸಿದ್ಧಾಂತವಾಗಿತ್ತು. ಗಂಜಿಯ ಕೇಂದ್ರಗಳೂ ಪರಿಹಾರದ ಕೆಲಸಗಳೂ ಎಲ್ಲರನ್ನೂ ಮುಟ್ಟಲಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮೇಲಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು.

ಸತ್ತವರಾರು? ಮುಖ್ಯವಾಗಿ ಕೂಲಿಯವರು, ನೇಕಾರರು, ತುಂಡುನೆಲದ ಬಡ ರೈತರು. ಬೆಳೆಯಿಲ್ಲದಾಗ ಕೂಲಿಯಿಲ್ಲ; ಊರಿಗೇ ಹಣವಿಲ್ಲದಾಗ ನೇಯ್ದ ಸೀರೆಯನ್ನು ಕೊಳ್ಳುವವರಿಲ್ಲ. ಪೇಟೆಯಲ್ಲಿ ರಾಗಿ ಇದ್ದರೂ ಅವರ ಪಾಲಿಗೆ ಅದು ಇಲ್ಲದಂತೆಯೇ. ಈ ತತ್ತ್ವವನ್ನು ಅಮರ್ತ್ಯ ಸೇನರು 1943ರ ಬಂಗಾಳದ ಕ್ಷಾಮವೇ ಮೊದಲಾದವುಗಳನ್ನು ಪರಿಶೀಲಿಸಿ 1981ರ ತಮ್ಮ ಗ್ರಂಥದಲ್ಲಿ ಶಾಸ್ತ್ರೀಯವಾಗಿ ಸ್ಥಾಪಿಸಿದರು: ಆಹಾರವಿರುವುದು ಒಂದು ಮಾತು, ಅದನ್ನು ಪಡೆಯುವ ಸಾಮರ್ಥ್ಯವಿರುವುದು ಇನ್ನೊಂದು ಮಾತು.

ಇಂದು ಕ್ಷಾಮದ ಆ ಭಯವಿಲ್ಲ; ಹಗೇವುಗಳೂ ಬಹುಮಟ್ಟಿಗೆ ಮುಚ್ಚಿಹೋಗಿವೆ. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಬಡವರ ಹಿಟ್ಟೆನಿಸಿದ್ದ ರಾಗಿಯನ್ನು ಪಟ್ಟಣಿಗರು ಅಂದವಾದ ಪೊಟ್ಟಣಗಳಲ್ಲಿ ಕೊಂಡು ತರುತ್ತಿದ್ದಾರೆ. ಕಾಳು ಅದೇ, ಬೇಡಿಕೆ ಬದಲಾಯಿತು, ಮರ್ಯಾದೆಯೂ ಬದಲಾಯಿತು. ಕನಕದಾಸರು ಇದನ್ನು ಕಂಡಿದ್ದರೆ ನಕ್ಕಾರು.

ಯಾವ ಧಾನ್ಯ ಶ್ರೇಷ್ಠವೆಂಬ ವ್ಯಾಜ್ಯವನ್ನು ರಾಮನು ತೀರಿಸಿಕೊಟ್ಟನು. ಕೂಡಿಟ್ಟ ಧಾನ್ಯದಲ್ಲಿ ಹಗೇವಿಲ್ಲದವನ ಪಾಲೆಷ್ಟೆಂಬ ವ್ಯಾಜ್ಯವು ಮಾತ್ರ ನಮ್ಮ ತೀರ್ಪಿಗೆ ಉಳಿದಿದೆ. ಊಟಕ್ಕೆ ಕುಳಿತಾಗ, ತಟ್ಟೆಯಲ್ಲಿ ಮುದ್ದೆಯೇ ಇರಲಿ ಅನ್ನವೇ ಇರಲಿ, ಈ ಪ್ರಶ್ನೆಯನ್ನು ಒಮ್ಮೆ ನೆನೆಯುವುದು ನಮಗೆ ಉಚಿತವಾಗಿದೆ.